ಪಡಸಾಲೆಯೊಳಗಿನ ಕೃಷ್ಣೆ

ನಿಡಗುಂದಿಗೆ ಹೋದವರು ಆಲಮಟ್ಟಿಯನ್ನು ಕಾಣದೆ ಮರಳುವುದು ವಿರಳ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಣೆಕಟ್ಟಿನ ಹಿಂದೆ ಕೃಷ್ಣೆ ಕಡಲಿನಂತೆ ಹರಡಿದ್ದಾಳೆ. ಆ ಜಲರಾಶಿಯನ್ನು ಕಣ್ತುಂಬಿಕೊಂಡು, ನಿಡಗುಂದಿಯ ಸದ್ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋದೆನು. ಪಡಸಾಲೆಯಲ್ಲೊಂದು ಗಾಜಿನ ತೊಟ್ಟಿ. ಮರಳಿನಲ್ಲಿ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಮೊದಲಾದ ಜಲಸಸ್ಯಗಳು ಹಸಿರಾಗಿದ್ದವು, ಮೀನೊಂದೂ ಇರಲಿಲ್ಲ.

“ಮೊದಲನೇ ದಿನಾನ ಮೀನ ಬಿಟ್ಟಿದ್ದೆರಿ ಅಜ್ಜಾರ, ವಾರದಾಗ ಎಲ್ಲಾ ಸತ್ತುವು” ಎಂದು ಮನೆಯ ಬಾಲಕನು ತಲೆ ತಗ್ಗಿಸಿದನು.

ಮೀನಿನ ಹೊಲಸಿನಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ತುಂಬಿದ ಹೊಳೆಯಲ್ಲಿ ಅದು ಕರಗಿ ಚದುರಿಹೋಗುವುದು, ತೊಟ್ಟಿಯಲ್ಲಿ ಹೋಗುವುದೆಲ್ಲಿಗೆ? ಮರಳಿನಲ್ಲಿ ನೆಲೆಸುವ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸಬೇಕು. ನೈಟ್ರೈಟೂ ವಿಷವೇ, ನೈಟ್ರೇಟನ್ನಾದರೋ ಸಸ್ಯಗಳು ಉಂಡು ಬೆಳೆಯುತ್ತವೆ. ಈ ಸೂಕ್ಷ್ಮಾಣುಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಕ್ಲೋರಿನ್ ಬೆರೆತ ನಲ್ಲಿಯ ನೀರು ಅವುಗಳನ್ನೂ ಕೊಲ್ಲುವುದರಿಂದ, ಅಂಥ ನೀರನ್ನು ತೆರೆದ ಪಾತ್ರೆಯಲ್ಲಿ ಒಂದು ದಿನವಿಟ್ಟು ಬಳಸುವುದು ಲೇಸು.

ತನ್ನ ಶಿಕ್ಷಕರಿಂದ ಇದನ್ನರಿತ ಬಾಲಕನು ಈಗ ಮೀನಿಲ್ಲದ ತೊಟ್ಟಿಗೆ ನಿತ್ಯ ಚಿಟಿಕೆ ಆಹಾರ ಹಾಕುತ್ತಿದ್ದಾನೆ. ಅದು ಕೊಳೆತು ಹುಟ್ಟುವ ಅಮೋನಿಯಾವೇ ಸೂಕ್ಷ್ಮಾಣುಗಳಿಗೆ ಉಣಿಸು. ಕಣ್ಣಿಗೆ ಕಾಣದ ಜೀವಿಗಳಿಗೆ ಮೊದಲು ದಾಸೋಹ, ಅತಿಥಿಗಳಿಗೆ ಆಮೇಲೆ ಆಹ್ವಾನ! ಜೀವವನ್ನು ಮನೆಗೆ ತರುವ ಮುನ್ನ ಅದು ಬಾಳುವ ನೆಲೆಯನ್ನು ಅಣಿಗೊಳಿಸುವುದೇ ದಯೆಯ ಮೊದಲ ಪಾಠವೆಂದು ಆ ಬಾಲಕನಿಂದ ಕಲಿತು ಬಂದೆನು.