ಹಿರಿಯರ ಮೌನವೂ ವಿಕಿರಣ ಚಿಕಿತ್ಸೆಯೂ

ನಮ್ಮ ಮನೆಗಳ ಗಂಡಸರು ಹೊಟ್ಟೆಯ ಕೆಳಗಿನ ಕಾಯಿಲೆಗಳ ಮಾತನ್ನು ಬಾಯಿಬಿಟ್ಟು ಆಡುವವರಲ್ಲ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಐವತ್ತು ವರ್ಷ ನೇಯ್ದ ಹಿರಿಯರು ಬೆನ್ನುನೋವನ್ನು ಹತ್ತು ಜನರೆದುರು ಹೇಳಿಕೊಂಡಾರು. ಮಲದಲ್ಲಿ ರಕ್ತ ಕಂಡರೆ ಹೆಂಡತಿಗೂ ತಿಳಿಸರು. ಸಿರುಮುಗೈಯಲ್ಲಿರುವ ನಮ್ಮ ದೊಡ್ಡಪ್ಪನವರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿದು, ಕೊಯಮತ್ತೂರಿನ ಆಸ್ಪತ್ರೆಯೊಂದರಲ್ಲಿ ೨೦ ದಿನಗಳ ವಿಕಿರಣ ಚಿಕಿತ್ಸೆ ನಿಶ್ಚಯವಾದಾಗ, ಕಾಯಿಲೆಗಿಂತಲೂ ಹೆಚ್ಚಾಗಿ ನಮ್ಮನ್ನು ಕಾಡಿದ್ದು ಈ ಮೌನವೇ.

ಈ ಗ್ರಂಥಿಯಿರುವುದು ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ. ಎರಡರ ನಡುವಣ ಅಂತರ ಕೆಲವೇ ಮಿಲಿಮೀಟರುಗಳು. ಗ್ರಂಥಿಗೆ ಬೀಳಬೇಕಾದ ಕಿರಣ ಗುದನಾಳದ ಮುಂಗೋಡೆಗೂ ಸ್ವಲ್ಪಮಟ್ಟಿಗೆ ತಗಲದೆ ಇರದು. ಪದೇ ಪದೇ ಮಲವಿಸರ್ಜನೆ, ಅವಸರ, ಉರಿ, ಲೋಳೆ, ರಕ್ತ ಇವೆಲ್ಲ ಅಲ್ಲಿಂದ ಹುಟ್ಟುವ ತೊಂದರೆಗಳು. ಗುದನಾಳದಲ್ಲಿ ಮಲವೋ ವಾಯುವೋ ತುಂಬಿದ್ದರೆ ಅದು ಉಬ್ಬಿ ಗ್ರಂಥಿಯನ್ನು ಸರಿಸುತ್ತದೆ. ಆಗ ಗುರಿ ತಪ್ಪುತ್ತದೆ. ಮೂತ್ರಕೋಶ ಹದವಾಗಿ ತುಂಬಿದ್ದರೆ ಕರುಳಿನ ಸುರುಳಿಗಳು ಮೇಲಕ್ಕೆ ಸರಿದು ಕಿರಣದ ದಾರಿಯಿಂದ ತಪ್ಪಿಕೊಳ್ಳುತ್ತವೆ. ಆದುದರಿಂದಲೇ ಗುದನಾಳ ಬರಿದಾಗಿರಲಿ, ಮೂತ್ರಕೋಶ ತುಂಬಿರಲಿ ಎಂಬುದು ಅಲ್ಲಿನವರ ನಿತ್ಯದ ಅಪ್ಪಣೆಯಾಗಿತ್ತು.

ಅಪ್ಪಣೆ ಸುಲಭ, ಮೆಟ್ಟುಪಾಳ್ಯದ ಹಾದಿಯ ಬಸ್ಸು ಸುಲಭವಲ್ಲ! ಮನೆಯಲ್ಲೇ ನೀರು ಕುಡಿದು ಹೊರಟರೆ ಕೊಯಮತ್ತೂರು ಸೇರುವ ಮುನ್ನ ಮುದುಕರ ಪಾಡೇನು? ಇದನ್ನು ಕೇಳಿದಾಗ ಅಲ್ಲಿಯ ತಂತ್ರಜ್ಞರು ಹೇಳಿಕೊಟ್ಟ ಕ್ರಮ ಹೀಗಿತ್ತು: ಆಸ್ಪತ್ರೆ ತಲುಪಿದ ಮೇಲೆ ಒಮ್ಮೆ ಮಲಮೂತ್ರ ವಿಸರ್ಜಿಸಿ, ಅಳತೆಯಂತೆ ಅರ್ಧ ಲೀಟರು ನೀರು ಕುಡಿದು, ಮುಕ್ಕಾಲು ಗಂಟೆ ಕಾಯುವುದು. ದಿನವೂ ಅದೇ ಅಳತೆ, ಅಷ್ಟೇ ಹೊತ್ತು. ಅಳತೆಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆಯಾಗುವುದುಂಟು, ಕೇಳಿಯೇ ನಡೆಯಬೇಕು.

೨೦ ದಿನಗಳು ಸಾಕೇ ಎಂಬ ಸಂದೇಹ ನಮ್ಮಲ್ಲಿ ಹಲವರಿಗಿತ್ತು. ಬ್ರಿಟನ್ ಮೊದಲಾದ ದೇಶಗಳಲ್ಲಿ ೩,೨೧೬ ಗಂಡಸರನ್ನು ಸೇರಿಸಿಕೊಂಡು ನಡೆಸಿದ ಪರೀಕ್ಷೆಯ ಫಲ ೨೦೧೬ರಲ್ಲಿ ಪ್ರಕಟವಾಯಿತು. ೩೭ ಸಲ ಕೊಡುತ್ತಿದ್ದ ೭೪ ಗ್ರೇ ಪ್ರಮಾಣಕ್ಕೆ ೨೦ ಸಲ ಕೊಡುವ ೬೦ ಗ್ರೇ ಕಡಿಮೆಯದಲ್ಲವೆಂದು ಅದರಿಂದ ತಿಳಿಯಿತು. ಕರುಳಿನ ತೊಂದರೆ ಮಾತ್ರ ಈ ಕ್ರಮದಲ್ಲಿ ಬೇಗನೆ, ನಾಲ್ಕೈದನೆಯ ವಾರಕ್ಕೇ, ಏರಿ ಅನಂತರ ಇಳಿಯುತ್ತದೆ.

ಆದರೆ ತೊಂದರೆ ಏರಿದೆಯೆಂದು ವೈದ್ಯರಿಗೆ ಹೇಳುವವರು ಯಾರು? ದೊಡ್ಡಪ್ಪನವರ ತಮಿಳು ನೂಲಿನ ಅಂಗಡಿಯ ತಮಿಳು. ಲೆಕ್ಕಾಚಾರಕ್ಕೆ ಧಾರಾಳವಾಗಿ ಸಾಲುತ್ತದೆ. ಕರುಳಿನ ವಿಷಯಕ್ಕೆ ಅವರಲ್ಲಿದ್ದ ಮಾತುಗಳೆಲ್ಲ ಮನೆಯ ಕನ್ನಡದವು, ಅವೂ ಪಿಸುಮಾತಿನವು. ವೈದ್ಯರು ಕೇಳಿದಾಗಲೆಲ್ಲ "ಚೆನ್ನಾಗಿದೆ" ಎಂದೇ ಉತ್ತರ. ಉಪಾಯ ಹುಡುಕಿದವರು ದೊಡ್ಡಮ್ಮ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಹಾಕುವಂತೆ, ಎಷ್ಟು ಸಲ ಹೊರಕಡೆ ಹೋದರೆಂಬುದಕ್ಕೆ ಗೀಟುಗಳನ್ನೆಳೆದರು. ರಕ್ತ ಕಂಡ ದಿನಕ್ಕೆ ಒಂದು ಚುಕ್ಕೆ. ಮೂರನೆಯ ವಾರ ಗೀಟುಗಳು ಆರಾದುವು. ಆ ಹಾಳೆಯನ್ನೇ ಕಿತ್ತು ವೈದ್ಯರ ಮೇಜಿನ ಮೇಲಿಟ್ಟರು. ಔಷಧಿ ಅಂದೇ ದೊರೆಯಿತು, ಯಾರೂ ನಾಚಬೇಕಾಗಲಿಲ್ಲ.

ಊಟದ ವಿಷಯದಲ್ಲಿ ಸಲಹೆಗಾರರಿಗೇನೂ ಬರವಿರಲಿಲ್ಲ. ಸೊಪ್ಪು ಬೇಡ, ರಾಗಿ ಬೇಡ, ಬರೀ ಗಂಜಿ ಕುಡಿಸಿ ಎಂದರು. ಹಿಂದೆ ವೈದ್ಯರೂ ನಾರಿನ ಆಹಾರ ಕಡಿಮೆಮಾಡಿಸುತ್ತಿದ್ದರು. ಆದರೆ ಲಂಡನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯವರು ೨೦೧೭ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕಿಬ್ಬೊಟ್ಟೆಗೆ ವಿಕಿರಣ ಪಡೆಯುವಾಗ ನಾರಿನಂಶ ಹೆಚ್ಚಿಸಿಕೊಂಡವರಿಗೇ ಕರುಳಿನ ಬಾಧೆ ಕಡಿಮೆಯಿದ್ದುದು ಕಂಡುಬಂದಿತು. ಭೇದಿ ಹೆಚ್ಚಾದಾಗ ವೈದ್ಯರು ಹೇಳಿದಷ್ಟು ದಿನ ಬದಲಿಸುವುದು ಬೇರೆಯ ಮಾತು. ವಾಯು ಹುಟ್ಟಿಸುವ ಹುರುಳಿ, ಅವರೆಗಳನ್ನು ಮಾತ್ರ ದೊಡ್ಡಮ್ಮ ಆ ತಿಂಗಳು ದೂರವಿಟ್ಟರು.

ಗ್ರಂಥಿಗೂ ಗುದನಾಳಕ್ಕೂ ನಡುವೆ ಲೋಳೆಯಂಥ ವಸ್ತುವನ್ನು ಸೂಜಿಯಿಂದ ತುಂಬಿ ಅಂತರ ಹೆಚ್ಚಿಸುವ ವಿಧಾನವೂ ಈಗ ಉಂಟು. ಕೆಲವು ತಿಂಗಳಲ್ಲಿ ಅದು ತಾನಾಗಿ ಕರಗುತ್ತದೆ. ವೆಚ್ಚ ಬಹಳ, ಎಲ್ಲರಿಗೂ ಬೇಕಾಗುವುದೂ ಇಲ್ಲ. ಚಿಕಿತ್ಸೆಗೆ ಮುನ್ನ ಕೇಳಿ ತಿಳಿಯುವುದರಲ್ಲಿ ನಷ್ಟವಿಲ್ಲ.

ಚಿಕಿತ್ಸೆ ಮುಗಿದು ಒಂದೂವರೆ ವರ್ಷವಾದ ಮೇಲೆ ರಕ್ತ ಮತ್ತೆ ಕಂಡಿತು. ಮೂಲವ್ಯಾಧಿಯೆಂದು ನೆರೆಯವರು ನಾಟಿ ಔಷಧಿ ಸೂಚಿಸಿದರು. ತಿರುಪ್ಪೂರಿನಲ್ಲಿ ಮಗನ ಮನೆಯಲ್ಲಿದ್ದುದರಿಂದ ಅಲ್ಲಿಯ ವೈದ್ಯರಲ್ಲಿಗೇ ಹೋದೆವು. ಕೊಳವೆ ಹಾಕಿ ನೋಡುವ ಮೊದಲು ನಾವು ಕೊಯಮತ್ತೂರಿನ ಚಿಕಿತ್ಸೆಯ ಚೀಟಿಯನ್ನು ತೋರಿಸಿದೆವು. ಅದು ಒಳ್ಳೆಯದಾಯಿತೆಂದು ವೈದ್ಯರೆಂದರು. ವಿಕಿರಣ ತಗಲಿದ ಗುದನಾಳದ ಮುಂಗೋಡೆಯಿಂದ ಮಾಂಸದ ಚೂರು ಕಿತ್ತರೆ ಗಾಯ ಮಾಯದೆ ತೂತು ಬೀಳುವ ಅಪಾಯವಿದೆಯಂತೆ. ಅವರು ಕೀಳದೆ, ನೋಡಿಯಷ್ಟೇ ಕಾರಣ ನಿಶ್ಚಯಿಸಿದರು. ಸುಕ್ರಾಲ್ಫೇಟ್ ಎಂಬ ಔಷಧಿಯನ್ನು ಗುದದ್ವಾರದಿಂದ ಏರಿಸುವ ಕ್ರಮ ಕೊಟ್ಟರು. ಇದರ ಗುಣವನ್ನು ಮಾತ್ರೆ ಹಾಗೂ ಸ್ಟೀರಾಯ್ಡಿನೊಡನೆ ಹೋಲಿಸಿ ೧೯೯೧ರಲ್ಲಿ ತೋರಿಸಿದವರು ನಮ್ಮ ದೇಶದವರೇ, ಚಂಡೀಗಢದ ಸ್ನಾತಕೋತ್ತರ ವೈದ್ಯ ಸಂಸ್ಥೆಯ ರಾಕೇಶ್ ಕೊಚ್ಚರ್ ಮತ್ತು ಸಂಗಡಿಗರು. ಕೆಲವು ವಾರಗಳಲ್ಲಿ ರಕ್ತ ನಿಂತಿತು. ನಿಲ್ಲದಿದ್ದರೆ ಸೋರುವ ರಕ್ತನಾಳಗಳನ್ನು ಆರ್ಗಾನ್ ಅನಿಲದ ಸಹಾಯದಿಂದ ಸುಡುವ ಉಪಾಯವಿತ್ತು.

ಎಷ್ಟು ಗ್ರೇ, ಎಷ್ಟು ಸಲ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಬರೆದಿರುವ ಆ ಚೀಟಿಗೆ ಈಗ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ, ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ರೇಷನ್ ಕಾರ್ಡಿನ ಜೊತೆಗೆ ಇಟ್ಟಿದ್ದೇವೆ. ಅದರ ನಕಲು ತಿರುಪ್ಪೂರಿನ ಮನೆಯಲ್ಲೂ ಒಂದಿದೆ.