ನಾಲ್ಕು ತಾಲ್ಲೂಕಿನ ಸರಿಬೆಸ

ನಾನು ಮಾಡುವ ಉದ್ಯೋಗಕ್ಕೆ ಕನ್ನಡದಲ್ಲಿ ಇನ್ನೂ ಹೆಸರು ಹುಟ್ಟಿಲ್ಲ. ಬಂಧುಗಳು ಕೇಳಿದಾಗ ನನ್ನ ಹೆಂಡತಿ "ಕಂಪ್ಯೂಟರ್ ರಿಪೇರಿ" ಎಂದುಬಿಡುತ್ತಾಳೆ. ಹಾಗೆಂದ ಮರುಕ್ಷಣವೇ ಯಾರಾದರೊಬ್ಬರು ಹಾಡು ಹಾಡದ ತಮ್ಮ ಮೊಬೈಲನ್ನು ನನ್ನ ಕೈಗಿಡುತ್ತಾರೆ. ವಾಸ್ತವವಾಗಿ ನಾನು ನೋಡಿಕೊಳ್ಳುವುದು ಕಚೇರಿಗಳ ಸರ್ವರುಗಳಲ್ಲಿರುವ ಡಿಸ್ಕುಗಳನ್ನು. ಅದರಲ್ಲಿಯೂ ನಾಲ್ಕಾರು ಡಿಸ್ಕುಗಳನ್ನು ಒಂದೇ ನೊಗಕ್ಕೆ ಕಟ್ಟಿ ದುಡಿಸುವ "ರೇಡ್" ಎಂಬ ಏರ್ಪಾಟನ್ನು.

ಈ ರೇಡ್ ಎಂಬುದಕ್ಕೂ ಪೊಲೀಸರ ದಾಳಿಗೂ ಸಂಬಂಧವಿಲ್ಲ. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಒಂದು ಪ್ರಬಂಧ ಪ್ರಕಟಿಸಿದರು. ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಜೋಡಿಸಿದರೆ ಕೆಲಸ ಚುರುಕಾಗುತ್ತದೆ, ಒಂದು ಸತ್ತರೂ ಉಳಿದವು ಮಾನ ಕಾಯುತ್ತವೆ ಎಂಬುದು ಅವರ ವಾದ. ಹೆಸರಿನಲ್ಲಿದ್ದ "ಅಗ್ಗದ" ಎಂಬ ಮಾತನ್ನು ವ್ಯಾಪಾರಿಗಳು ಮುಂದೆ ಮೆಲ್ಲನೆ "ಸ್ವತಂತ್ರ" ಎಂದು ತಿದ್ದಿಕೊಂಡರು. ಅಗ್ಗದ ಸಾಮಾನು ಎಂದು ಹೇಳಿ ದುಬಾರಿಗೆ ಮಾರುವುದು ಯಾರಿಂದ ಸಾಧ್ಯ?

ಒಂದು ಸತ್ತರೂ ಲೆಕ್ಕ ಉಳಿಯುವುದು ಹೇಗೆ? ಇದು ನಾವು ಹುಡುಗರಾಗಿದ್ದಾಗ ಹುಣಿಸೇಬೀಜದಲ್ಲಿ ಆಡುತ್ತಿದ್ದ ಸರಿಬೆಸದಾಟವೇ. ಮೂವರು ಹುಡುಗರು ಮುಷ್ಟಿ ಹಿಡಿದು ನಿಂತಿದ್ದಾರೆ. ಒಬ್ಬೊಬ್ಬನ ಮುಷ್ಟಿಯಲ್ಲಿ ಒಂದು ಬೀಜ ಇರಬಹುದು, ಇಲ್ಲದೆಯೂ ಇರಬಹುದು. ನಾಲ್ಕನೆಯವನು ಅವರನ್ನೆಲ್ಲ ನೋಡಿ, ಒಟ್ಟು ಸರಿಸಂಖ್ಯೆಯಾಗುವಂತೆ ತಾನೊಂದು ಬೀಜ ಹಿಡಿಯುತ್ತಾನೆ, ಇಲ್ಲವೇ ಬಿಡುತ್ತಾನೆ. ಈಗ ಯಾರಾದರೊಬ್ಬ ಓಡಿಹೋಗಲಿ. ಉಳಿದ ಮೂವರ ಮುಷ್ಟಿ ಬಿಚ್ಚಿಸಿ ಎಣಿಸಿ: ಬೆಸವಾದರೆ ಓಡಿದವನ ಕೈಯಲ್ಲಿ ಬೀಜವಿತ್ತು, ಸರಿಯಾದರೆ ಇರಲಿಲ್ಲ. ಇಬ್ಬರು ಓಡಿದರೆ ಮಾತ್ರ ಆಟ ಮುಗಿಯಿತು. ಯಂತ್ರ ಇದನ್ನೇ ಕೋಟಿ ಕೋಟಿ ಸಲ ಆಡುತ್ತದೆ. ನಾಲ್ಕನೆಯವನ ಪಾತ್ರವನ್ನು ಎಲ್ಲರಿಗೂ ಸರದಿಯ ಮೇಲೆ ಹಂಚುತ್ತದೆ, ಅಷ್ಟೆ ವ್ಯತ್ಯಾಸ.

ಮಧುಗಿರಿ ಉಪವಿಭಾಗದಲ್ಲಿರುವುದು ನಾಲ್ಕು ತಾಲ್ಲೂಕು: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಆ ನಾಲ್ಕರಲ್ಲೂ ಸದಸ್ಯರಿರುವ ಒಂದು ಪತ್ತಿನ ಸಹಕಾರ ಸಂಘ ಉಂಟು, ಹೆಸರು ಬೇಡ. ಕಡಲೆಕಾಯಿ ಬೆಳೆಯುವವರು, ಹುಣಿಸೇಹಣ್ಣಿನ ಚಿಲ್ಲರೆ ವ್ಯಾಪಾರದವರು, ಒಡವೆಯಿಟ್ಟು ಸಾಲ ತಂದವರು, ಎಲ್ಲರ ಲೆಕ್ಕವೂ ಅದರ ಮಹಡಿಮೆಟ್ಟಿಲ ಕೆಳಗಿನ ಒಂದು ಪೆಟ್ಟಿಗೆಯಲ್ಲಿ, ನಾಲ್ಕು ಡಿಸ್ಕುಗಳ ಮೇಲೆ ಇತ್ತು. ಒಂದು ಬೆಳಿಗ್ಗೆ ಅಲ್ಲಿಂದ ಕರೆ ಬಂತು, "ಸ್ವಾಮಿ, ಯಂತ್ರ ತೆವಳುತ್ತಿದೆ."

ನಾನು ಹೋಗುವ ಹೊತ್ತಿಗೆ ಯಂತ್ರ ಮಾರಿದವರ ಕಡೆಯ ಒಬ್ಬ ಹುಡುಗ ಫೋನಿನಲ್ಲಿ, "ನಂಬರ್ ಒಂದು ಕೆಟ್ಟಿದೆ, ಅದನ್ನು ಎಳೆಯಿರಿ" ಎನ್ನುತ್ತಿದ್ದ. ಜವಾನ ಮೊದಲನೆಯದರ ಹಿಡಿಗೆ ಕೈ ಹಾಕಿದ್ದ. ನಾನು ಬಾಗಿಲಿನಿಂದಲೇ ಕೂಗಿದೆ. ಯಂತ್ರ ಸೊನ್ನೆಯಿಂದ ಎಣಿಸುತ್ತದೆ, ಮನುಷ್ಯ ಒಂದರಿಂದ. ಅದರ ಒಂದು ನಮಗೆ ಎರಡು. ಅವನು ಎಳೆದಿದ್ದರೆ ಕೆಟ್ಟದ್ದು ಒಳಗೇ ಉಳಿದು ಒಳ್ಳೆಯದು ಹೊರಗೆ ಬರುತ್ತಿತ್ತು. ಇಬ್ಬರು ಹುಡುಗರು ಓಡಿದಂತಾಗುತ್ತಿತ್ತು. ಈ ಎಣಿಕೆಯ ಗೊಂದಲದಲ್ಲಿ ಹಾಳಾದ ಲೆಕ್ಕಗಳು, ಡಿಸ್ಕು ತಾನಾಗಿ ಕೆಟ್ಟು ಹಾಳಾದವುಗಳಿಗಿಂತ ಕಡಮೆಯಿರಲಾರವು ಎಂದು ನನ್ನ ಗುಮಾನಿ. ಅಂದೇ ಪ್ರತಿ ಡಿಸ್ಕಿನ ಮೇಲೂ ಅದರ ಕ್ರಮಸಂಖ್ಯೆ ಬರೆದು, ಜೊತೆಗೆ ಒಂದೊಂದು ತಾಲ್ಲೂಕಿನ ಹೆಸರು ಅಂಟಿಸಿದೆ. ಮಧುಗಿರಿಯನ್ನು ಶಿರಾ ಎಂದು ತಪ್ಪು ತಿಳಿಯುವವರು ಆ ಕಚೇರಿಯಲ್ಲಿ ಯಾರೂ ಇಲ್ಲ.

ಕೆಟ್ಟಿದ್ದುದು ಶಿರಾ. ಪರದೆಯ ಮೇಲೆ ಬದುಕಿರುವ ಡಿಸ್ಕಿಗೊಂದು "ಯು" ಅಕ್ಷರ, ಸತ್ತದ್ದಕ್ಕೊಂದು ಅಡಿಗೆರೆ. ಮೂರು ಯು, ಒಂದು ಗೆರೆ. ಯಂತ್ರ 23 ದಿನಗಳಿಂದ ದಿನಕ್ಕೊಂದು ಎಚ್ಚರಿಕೆಯ ಪತ್ರ ಬರೆಯುತ್ತಲೇ ಇತ್ತು. ಆದರೆ ಅದಕ್ಕೆ ಗೊತ್ತಿದ್ದ ವಿಳಾಸ, ಕೆಲಸ ಬಿಟ್ಟುಹೋದ ಗುಮಾಸ್ತರೊಬ್ಬರದು!

ಕಾರ್ಯದರ್ಶಿಗಳು ಹೊಸ ಡಿಸ್ಕನ್ನು ಮೇಜಿನ ಮೇಲೆ ಇಟ್ಟೇ ಇದ್ದರು. "ಹಾಕಿಬಿಡಿ ಸ್ವಾಮಿ, ಹನ್ನೊಂದಕ್ಕೆ ಕೌಂಟರು ತೆರೆಯಬೇಕು."

ನಾನು ಒಪ್ಪಲಿಲ್ಲ. ಹೊಸದನ್ನು ಹಾಕಿದೊಡನೆ ಯಂತ್ರ ಉಳಿದ ಮೂರನ್ನೂ ಮೊದಲಿನಿಂದ ಕಡೆಯವರೆಗೆ ಓದಿ ಶಿರಾವನ್ನು ಮತ್ತೆ ಕಟ್ಟತೊಡಗುತ್ತದೆ. ನಾಲ್ಕು ಟೆರಾಬೈಟಿನ ಡಿಸ್ಕಿಗೆ ಹತ್ತು ಹನ್ನೊಂದು ಗಂಟೆ ಬಿಡುವಿಲ್ಲದ ದುಡಿಮೆ. ನಾಲ್ಕನ್ನೂ ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡದ್ದು. ಒಂದಕ್ಕೆ ಮುಪ್ಪು ಬಂದಿದ್ದರೆ ಉಳಿದವುಗಳಿಗೆ ತಾರುಣ್ಯವೆಲ್ಲಿಂದ ಬರಬೇಕು? ಮೇಲಾಗಿ, ಐದು ವರ್ಷದ ಹಿಂದೆ ಬರೆದ ಲೆಕ್ಕವನ್ನು ಯಾರೂ ಓದಿರುವುದಿಲ್ಲ. ಆ ಜಾಗ ಕೊಳೆತಿದ್ದರೆ ಅದು ಗೊತ್ತಾಗುವುದೇ ಇಂಥ ದಿನ. ಸಾಧಾರಣ ಡಿಸ್ಕುಗಳ ತಯಾರಕರು ನೂರು ಲಕ್ಷ ಕೋಟಿ ಬಿಟ್ಟಿಗೆ ಒಂದರವರೆಗೆ ಓದಲಾಗದೆ ಹೋಗಬಹುದೆಂದು ತಾವೇ ಬರೆದುಕೊಡುತ್ತಾರೆ. ದೊಡ್ಡ ಮಾತೆಂದು ತೋರುತ್ತದೆ. ಲೆಕ್ಕ ಹಾಕಿದರೆ ಅದು ಹನ್ನೆರಡೂವರೆ ಟೆರಾಬೈಟು. ನಾವು ಓದಬೇಕಾದದ್ದು ಹನ್ನೆರಡು. ತಿಂಗಳಿಗೊಮ್ಮೆ ಎಲ್ಲವನ್ನೂ ಓದಿ ನೋಡುವ ಪರೀಕ್ಷೆಯೊಂದು ಯಂತ್ರದಲ್ಲೇ ಇತ್ತು. ಕೆಲಸ ನಿಧಾನವಾಗುತ್ತದೆಂದು ಯಾರೋ ಅದನ್ನು ನಿಲ್ಲಿಸಿದ್ದರು.

"ಮೊದಲು ಇರುವುದನ್ನು ನಕಲು ತೆಗೆಯೋಣ, ಆಮೇಲೆ ದುರಸ್ತಿ" ಎಂದೆ. ಹೊರಗೆ ಜಗಲಿಯ ಮೇಲೆ ಪಾವಗಡದ ಕಡೆಯಿಂದ ಮುಂಜಾನೆಯ ಬಸ್ಸಿಗೆ ಬಂದ ಹತ್ತಾರು ಜನ ಕುಳಿತಿದ್ದರು. ಕೆಲವರಿಗೆ ಸಾಲ ತೀರಿದ ಪತ್ರ ಆ ದಿನವೇ ಬೇಕಾಗಿತ್ತು. ಕಾರ್ಯದರ್ಶಿಗಳು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಕಡೆಗೆ ತಾವೇ ಹೊರಗೆ ಹೋಗಿ ಕೈಮುಗಿದು ಎರಡು ದಿನ ಕೇಳಿಕೊಂಡರು. ಬೈಗುಳ ಅವರಿಗೆ ಬಿತ್ತು, ನನಗಲ್ಲ. ಆ ಉಪಕಾರವನ್ನು ನಾನು ಮರೆತಿಲ್ಲ.

ನಕಲು ಮಾಡುವಾಗ ಪಾವಗಡ ಮುಗ್ಗರಿಸಿತು. ಅದನ್ನು ಹೊರತೆಗೆದು ಬೇರೆ ಯಂತ್ರಕ್ಕೆ ಹಾಕಿ "ಡಿಡಿರೆಸ್ಕ್ಯೂ" ಎಂಬ ತಂತ್ರಾಂಶಕ್ಕೆ ಒಪ್ಪಿಸಿದೆ. ಅದರ ನಡವಳಿಕೆ ನನಗೆ ಬಹಳ ಮೆಚ್ಚು: ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ, ಹಟ ಹಿಡಿದ ಜಾಗಗಳನ್ನು ಗುರುತುಹಾಕಿ ಬಿಟ್ಟು, ಕೊನೆಯಲ್ಲಿ ಒಂದೊಂದನ್ನೇ ಮತ್ತೆ ಮತ್ತೆ ಕೇಳುತ್ತದೆ. ಜಾಣ ವಸೂಲಿಗಾರನೂ ಹೀಗೆಯೇ ಅಲ್ಲವೇ? ರಾತ್ರಿ ಎರಡು ಸಲ ಕರೆಂಟು ಹೋಯಿತು. 2,050 ಮೆಗಾವ್ಯಾಟಿನ ಸೌರವಿದ್ಯುತ್ ಉದ್ಯಾನ ಪಕ್ಕದ ಪಾವಗಡ ತಾಲ್ಲೂಕಿನಲ್ಲೇ ಸುಮಾರು 13,000 ಎಕರೆಯಲ್ಲಿ ಹಾಸಿಕೊಂಡಿದೆ. ಮಧುಗಿರಿಯ ಆ ಬೀದಿಯಲ್ಲಿ ನಾನು ಬ್ಯಾಟರಿಯ ಮುಳ್ಳು ನೋಡುತ್ತ ಕುಳಿತಿದ್ದೆ.

ಬೆಳಗಾಗುವ ಹೊತ್ತಿಗೆ ಹನ್ನೊಂದು ಚೂರು ಮಾತ್ರ ಉಳಿದವು, ಒಂದೊಂದೂ 4,096 ಅಕ್ಷರದಷ್ಟು. ಅಲ್ಲಿ ಶಿರಾವೂ ಇಲ್ಲ, ಪಾವಗಡವೂ ಇಲ್ಲ, ಸರಿಬೆಸ ಹೇಳುವವರಿಲ್ಲ. ಪಾವಗಡದ ನಕಲನ್ನು ಅದರ ಜಾಗಕ್ಕೆ ಕೂರಿಸಿ, ಹೊಸ ಶಿರಾವನ್ನು ಸೇರಿಸಿ, ಪುನಾರಚನೆ ಮುಗಿದ ಮೇಲೆ ಹುಡುಕಿದೆವು. ಒಂಬತ್ತು ಚೂರು ಸದಸ್ಯರ ಭಾವಚಿತ್ರಗಳಲ್ಲಿದ್ದವು; ಯಾರದೋ ಕಿವಿ, ಯಾರದೋ ಭುಜ ಬೂದುಬಣ್ಣದ ಪಟ್ಟಿಯಾಗಿತ್ತು. ಉಳಿದ ಎರಡು ಐದು ವರ್ಷದ ಹಿಂದಿನ ಒಂದು ತಿಂಗಳ ಜಮಾಖರ್ಚಿನಲ್ಲಿದ್ದವು.

ಆ ತಿಂಗಳ ಪುಟದಲ್ಲಿ ಒಬ್ಬ ಮುದುಕಿಯ ಒಡವೆ ಸಾಲದ ಕೊನೆಯ ಕಂತು ಇತ್ತು, ಅಥವಾ ಇರಲಿಲ್ಲ. ಜಗಲಿಯ ಮೇಲೆ ಎರಡು ದಿನ ಕಾದವರಲ್ಲಿ ಆಕೆಯೂ ಒಬ್ಬಳು. ಯಂತ್ರ ಬಾಕಿ ಎಂದಿತು. ಆಕೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, "ಕಟ್ಟೀನಿ ಸ್ವಾಮಿ, ನೋಡ್ರಿ" ಎಂದು ಸೀರೆಯ ಸೆರಗಿನಿಂದ ಪ್ಲಾಸ್ಟಿಕ್ ಚೀಲ ಬಿಚ್ಚಿ ಪಾಸುಪುಸ್ತಕ ತೆಗೆದಳು. ಮೊಹರು, ತಾರೀಖು, ಸಹಿ ಎಲ್ಲ ಇದ್ದವು. ಹಿಂದೆ ಶಾನುಭೋಗರು ಲೆಕ್ಕ ಬರೆಯುತ್ತಿದ್ದ ಕಡತ, ಹುಣಿಸೇಬೀಜದ ಅಂಟಿಗೆ ಇದ್ದಲಪುಡಿ ಬೆರೆಸಿ ಬಳಿದ ಬಟ್ಟೆ. ಬಳಪದಲ್ಲಿ ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಈ ಅಜ್ಜಿಯ ಪುಸ್ತಕವನ್ನು ಹಾಗೆ ಅಳಿಸಲು ಯಾರಿಂದಲೂ ಆಗುವಂತಿರಲಿಲ್ಲ. ಕಾರ್ಯದರ್ಶಿಗಳು ನೋಡಿ, ಪತ್ರ ಬರೆದು, ಅವಳ ಎದುರಿಗೇ ಸಹಿ ಹಾಕಿದರು. ಪಾಸುಪುಸ್ತಕ ತಂದಿರದಿದ್ದರೆ ಏನು ಮಾಡುತ್ತಿದ್ದರೆಂದು ನಾನು ಕೇಳಲಿಲ್ಲ.

ಸರಿಬೆಸದಾಟ ಡಿಸ್ಕಿನ ಸಾವನ್ನು ತಡೆದೀತು. ಬೆಂಕಿ, ಕಳ್ಳ, ತಪ್ಪು ಗುಂಡಿ ಒತ್ತುವ ಬೆರಳು, ಇವುಗಳಿಗೆ ಬೇರೆ ಊರಿನಲ್ಲಿ ಬೇರೆ ಪ್ರತಿ ಇರಲೇಬೇಕು. ಈಗ ಪ್ರತಿ ಶನಿವಾರ ಒಂದು ಪ್ರತಿ ಬಸ್ಸಿನಲ್ಲಿ ಕೊರಟಗೆರೆ ಶಾಖೆಗೆ ಹೋಗುತ್ತದೆ. ತಿಂಗಳ ಪರೀಕ್ಷೆ ಮತ್ತೆ ನಡೆಯುತ್ತಿದೆ. ಯಂತ್ರದ ಪತ್ರಗಳು ನನಗೂ ಕಾರ್ಯದರ್ಶಿಗಳಿಗೂ ಬರುತ್ತವೆ. ಹಳೆಯ ಡಿಸ್ಕುಗಳಲ್ಲಿ ಮಧುಗಿರಿ, ಕೊರಟಗೆರೆ ಎರಡು ಉಳಿದಿವೆ; ಯುಗಾದಿಯೊಳಗೆ ಅವನ್ನೂ ಬದಲಿಸಬೇಕೆಂದು ಬರೆದುಕೊಟ್ಟಿದ್ದೇನೆ. ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ಇಡುತ್ತೇವೆ ಎಂದು ಉತ್ತರ ಬಂದಿದೆ.