ತನ್ನ ದನಿಯಿಲ್ಲದ ಪೆಟ್ಟಿಗೆ

ವೀಣೆ ಮಾಡುವವನು ಹಲಸಿನ ಮರವನ್ನು ಬೆರಳಿನಿಂದ ತಟ್ಟಿ ನೋಡುತ್ತಾನೆ. ಮರ ಮರುದನಿ ಕೊಟ್ಟರೆ ಅವನ ಮುಖ ಅರಳುತ್ತದೆ. ಹಾಡುವ ಮರ ಅವನಿಗೆ ಬೇಕು. ಧ್ವನಿವರ್ಧಕದ ಪೆಟ್ಟಿಗೆಯನ್ನು ಮಾಡುವವನೂ ಹಲಗೆಯನ್ನು ಹಾಗೆಯೇ ತಟ್ಟಿ ನೋಡುತ್ತಾನೆ. ಆದರೆ ಹಲಗೆ ದನಿಗೂಡಿಸಿದರೆ ಅವನ ಮುಖ ಬಾಡುತ್ತದೆ. ಅವನಿಗೆ ಬೇಕಾದದ್ದು ಮೂಕ ಮರ. ವೀಣೆಗೆ ತನ್ನದೇ ಆದ ನಾದವಿರಬೇಕು. ಧ್ವನಿವರ್ಧಕಕ್ಕೆ ತನ್ನದೆಂಬ ನಾದ ಎಳ್ಳಷ್ಟೂ ಇರಕೂಡದು. ಪಿಟೀಲು ಬಂದರೆ ಪಿಟೀಲಾಗಿ, ಮೃದಂಗ ಬಂದರೆ ಮೃದಂಗವಾಗಿ, ಹೆಣ್ಣುಮಗಳೊಬ್ಬಳು ಹಾಡಿದರೆ ಆ ಹೆಣ್ಣುಮಗಳೇ ಎದುರಿಗೆ ಕುಳಿತಂತೆ ಅದು ಕೇಳಿಸಬೇಕು. ಬಡಗಿ ಮಾಡಿದ ತೊಟ್ಟಿಲು, ಅಕ್ಕಸಾಲಿಗ ಮಾಡಿದ ಒಡವೆ ನಾಲ್ಕು ಜನರ ಕಣ್ಣಿಗೆ ಬಿದ್ದರೆ ಅವರಿಗೆ ಸಾರ್ಥಕ. ಇವನ ಕೆಲಸವಾದರೋ ಯಾರ ಗಮನಕ್ಕೂ ಬಾರದೆ ಹೋದಾಗಲೇ ಪೂರ್ಣವಾಗುವಂಥದು. ಕೈಕಸುಬುಗಳಲ್ಲಿ ಇಂಥ ವಿಚಿತ್ರವಾದ ಕಸುಬು ಮತ್ತೊಂದಿರಲಾರದು.

ಇದು ಎಷ್ಟು ಕಷ್ಟವೆಂಬುದು ಮದುವೆಯ ಚಪ್ಪರದ ತುತ್ತೂರಿಯನ್ನು ಕೇಳಿದವರಿಗೆಲ್ಲ ಗೊತ್ತು. ಅಲ್ಲಿ ಯಾರು ಹಾಡಿದರೂ ಮೂಗಿನಲ್ಲಿಯೇ ಹಾಡುತ್ತಾರೆ. ಅದು ಹಾಡಿದವರ ಮೂಗಲ್ಲ, ತುತ್ತೂರಿಯ ಮೂಗು. ಮನೆಯ ರೇಡಿಯೋದಲ್ಲಿ ವಾರ್ತೆ ಓದುವವರ ಗಂಟಲು ಗುಡಾಣದೊಳಗಿಂದ ಬಂದಂತೆ ಕೇಳಿಸಿದರೆ, ಅದು ಓದುವವರ ತಪ್ಪಲ್ಲ, ಪೆಟ್ಟಿಗೆಯ ತಪ್ಪು.

ಧ್ವನಿವರ್ಧಕದ ಒಳಗಿನ ಮರ್ಮ ನೋಡುವುದಕ್ಕೆ ಬಹಳ ಸರಳ. ಅಯಸ್ಕಾಂತವೊಂದರ ನಡುವೆ ಬಳೆಯಾಕಾರದ ಕಿರಿದಾದ ಸಂದು. ಆ ಸಂದಿನಲ್ಲಿ ತೆಳುತಂತಿಯ ಸುರುಳಿ. ಸುರುಳಿಗೆ ಅಂಟಿಕೊಂಡ ಕಾಗದದ ಶಂಕು. ಸುರುಳಿಯಲ್ಲಿ ವಿದ್ಯುತ್ತು ಅತ್ತಿತ್ತ ಹರಿದಂತೆ ಶಂಕು ಹಿಂದುಮುಂದಾಗಿ ಆಡುತ್ತದೆ, ಎದುರಿನ ಗಾಳಿಯನ್ನು ನೂಕುತ್ತದೆ, ಸೆಳೆಯುತ್ತದೆ. ಕಿವಿಗೆ ಅದೇ ಸಂಗೀತ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲ್ಲಾಗ್ ಎಂಬ ಇಬ್ಬರು ಎಂಜಿನಿಯರರು ೧೯೨೫ರಲ್ಲಿ ಈ ಏರ್ಪಾಟನ್ನು ವಿವರಿಸಿ ಪ್ರಕಟಿಸಿದರು. ಇಂದಿಗೂ ಬಹುಪಾಲು ಧ್ವನಿವರ್ಧಕಗಳ ಹೊಟ್ಟೆಯೊಳಗೆ ಇರುವುದು ಇದೇ. ತತ್ತ್ವ ಎಲ್ಲರಿಗೂ ಒಂದೇ ಆದಮೇಲೆ ಒಂದು ಪೆಟ್ಟಿಗೆ ಹಾಡುವುದೂ ಇನ್ನೊಂದು ಅರಚುವುದೂ ಏಕೆ? ಉತ್ತರ ಮಾಡುವವನ ಕೈಯಲ್ಲಿದೆ, ಕಿವಿಯಲ್ಲಿದೆ, ತಾಳ್ಮೆಯಲ್ಲಿದೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಗಿಲ್ಬರ್ಟ್ ಬ್ರಿಗ್ಸ್ ಎಂಬುವರ ಬಾಳು ಇದಕ್ಕೆ ಒಳ್ಳೆಯ ನಿದರ್ಶನ.

ಬ್ರಿಗ್ಸ್ ಅವರು ೧೮೯೦ರಲ್ಲಿ ಬ್ರಾಡ್‌ಫರ್ಡ್ ನಗರದ ಬಳಿ ಹುಟ್ಟಿದವರು. ಬ್ರಾಡ್‌ಫರ್ಡ್ ಎಂದರೆ ಉಣ್ಣೆಯ ಊರು. ಎಲ್ಲಿ ನೋಡಿದರೂ ಗಿರಣಿಯ ಹೊಗೆಗೊಳವಿ, ಬಟ್ಟೆಯ ಗೋದಾಮು. ಬ್ರಿಗ್ಸ್ ಅವರೂ ಊರಿನ ವಾಡಿಕೆಯಂತೆ ಜವಳಿ ವ್ಯಾಪಾರಕ್ಕೆ ಸೇರಿ ಅದರಲ್ಲಿಯೇ ನಡುವಯಸ್ಸನ್ನು ಮುಟ್ಟಿದರು. ವಿದ್ಯುತ್ ಶಾಸ್ತ್ರವನ್ನು ಯಾವ ಕಾಲೇಜಿನಲ್ಲಿಯೂ ಕಲಿತವರಲ್ಲ. ಆದರೆ ಪಿಯಾನೋ ಎಂದರೆ ಅವರಿಗೆ ಪ್ರಾಣ. ಮನೆಗೆ ರೇಡಿಯೋ ಬಂದ ಕಾಲದಲ್ಲಿ ಅದರೊಳಗಿನ ಪಿಯಾನೋ ಪಿಯಾನೋದಂತೆ ಕೇಳಿಸದಿರುವುದು ಅವರನ್ನು ಕಾಡತೊಡಗಿತು. ಬಿಡುವಿನಲ್ಲಿ ಧ್ವನಿವರ್ಧಕಗಳನ್ನು ಬಿಚ್ಚಿ, ಜೋಡಿಸಿ ನೋಡುವ ಹವ್ಯಾಸ ಅಂಟಿಕೊಂಡಿತು.

ಅಷ್ಟರಲ್ಲಿ ೧೯೨೯ರ ಅನಂತರದ ಆರ್ಥಿಕ ಮುಗ್ಗಟ್ಟು ಜಗತ್ತನ್ನೆಲ್ಲ ಕವಿಯಿತು. ಜವಳಿಯ ರಫ್ತು ಬಿದ್ದುಹೋಯಿತು. ನಲವತ್ತನ್ನು ದಾಟಿದ ಗೃಹಸ್ಥನಿಗೆ ಕೈಹಿಡಿದ ವೃತ್ತಿ ಕುಸಿಯುವುದೆಂದರೆ ಏನೆಂಬುದನ್ನು ಸಂಸಾರಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಸ ವಿದ್ಯೆ ಕಲಿಯುವ ವಯಸ್ಸು ಕಳೆದಿರುತ್ತದೆ. ಹಳೆಯ ವಿದ್ಯೆಗೆ ಬೆಲೆಯಿರುವುದಿಲ್ಲ. ಅಂಥ ಹೊತ್ತಿನಲ್ಲಿ, ೧೯೩೨ರಲ್ಲಿ, ಇಲ್ಕ್ಲಿ ಎಂಬ ಊರಿನ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಬ್ರಿಗ್ಸ್ ಅವರು ಮಾರಾಟಕ್ಕೆಂದು ಧ್ವನಿವರ್ಧಕ ಮಾಡುವ ಕೆಲಸಕ್ಕೆ ಕುಳಿತರು. ಇಲ್ಕ್ಲಿ ಇರುವುದು ವಾರ್ಫ್ ನದಿಯ ಕಣಿವೆಯಲ್ಲಿ. ಆ ಕಣಿವೆಯ ಹೆಸರೇ ವಾರ್ಫ್‌ಡೇಲ್. ನೆಲಮಾಳಿಗೆಯ ಉದ್ಯಮಕ್ಕೂ ಅದನ್ನೇ ಇಟ್ಟರು: ವಾರ್ಫ್‌ಡೇಲ್ ವೈರ್‌ಲೆಸ್ ವರ್ಕ್ಸ್. ಹೆಸರು ದೊಡ್ಡದು. ಕಾರ್ಖಾನೆಯೆಂದರೆ ಮನೆಯ ಮೆಟ್ಟಿಲಿಳಿದರೆ ಸಿಕ್ಕುವ ಒಂದು ಕೋಣೆ. ಸಿಬ್ಬಂದಿಯೆಂದರೆ ಗಂಡ ಹೆಂಡಿರು.

ಆ ಬಗೆಯ ಕೋಣೆಯಲ್ಲಿ ನಡೆಯುವ ಕೆಲಸ ತೀರ ಸೂಕ್ಷ್ಮವಾದದ್ದು. ಕೂದಲೆಳೆಯಂಥ ತಂತಿಯನ್ನು ಸುತ್ತಿನ ಪಕ್ಕಕ್ಕೆ ಸುತ್ತು ಬರುವಂತೆ ಸುತ್ತಬೇಕು. ಒಂದು ಸುತ್ತು ಇನ್ನೊಂದರ ಮೇಲೇರಿದರೆ ಸುರುಳಿ ದಪ್ಪವಾಗಿ ಸಂದಿನಲ್ಲಿ ತೂರದು. ಆಮೇಲೆ ಅದನ್ನು ಶಂಕುವಿಗೆ ಅಂಟಿಸಬೇಕು. ಅಂಟು ಹೆಚ್ಚಾದರೆ ಶಂಕು ಭಾರವಾಗಿ ತಾರಸ್ವರ ಮಂಕಾಗುತ್ತದೆ. ಕಡಮೆಯಾದರೆ ನಾಲ್ಕು ದಿನಕ್ಕೆ ಬಿಟ್ಟುಕೊಳ್ಳುತ್ತದೆ. ಇನ್ನು ಸುರುಳಿಯನ್ನು ಸಂದಿನ ನಟ್ಟನಡುವೆ ನಿಲ್ಲಿಸುವ ಕೆಲಸ. ಸುತ್ತಲೂ ಉಳಿಯುವ ಎಡೆ ಕಾಗದದ ದಪ್ಪದಷ್ಟು. ಎಲ್ಲಿಯಾದರೂ ತಗುಲಿದರೆ ಸಂಗೀತದ ಜತೆಗೆ ಕೆರೆತವೂ ಕೇಳಿಬರುತ್ತದೆ. ಬರಿಗಣ್ಣಿಗೆ ಕಾಣದ ಕಬ್ಬಿಣದ ಹುಡಿ ಒಂದು ಕಣ ಅಯಸ್ಕಾಂತದ ಸೆಳೆತಕ್ಕೆ ಸಿಕ್ಕಿ ಒಳಸೇರಿದರೂ ಸಾಕು, ಅಂದಿನ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಆದ್ದರಿಂದ ಇಂಥ ಕೋಣೆಯನ್ನು ದೇವರಮನೆಯಷ್ಟು ಚೊಕ್ಕಟವಾಗಿ ಇಟ್ಟುಕೊಳ್ಳಬೇಕಾಗುತ್ತದೆ.

ಶಂಕುವಿನ ಅಂಚನ್ನು ಲೋಹದ ಚೌಕಟ್ಟಿಗೆ ಬಿಗಿಯುವುದು ಮತ್ತೊಂದು ಸಮಸ್ಯೆ. ಅಂಚು ಗಡುಸಾದರೆ ಶಂಕು ಸಲೀಸಾಗಿ ಆಡದು. ಮಂದ್ರದ ಸ್ವರಗಳು ಹುಟ್ಟುವುದೇ ಇಲ್ಲ. ತೀರ ಸಡಿಲವಾದರೆ ಶಂಕು ಓಲಾಡುತ್ತದೆ. ವಾರ್ಫ್‌ಡೇಲ್ ಧ್ವನಿವರ್ಧಕಗಳಲ್ಲಿ ಮುಂದೆ ಹೆಸರಾದದ್ದು ಬಟ್ಟೆಯ ಅಂಚು. ಕಾಗದದ ಶಂಕುವಿಗೆ ಮೆತ್ತನೆಯ ಬಟ್ಟೆಯ ಅಂಚುಕಟ್ಟು! ಉಣ್ಣೆಯ ಊರಿನ ಹಳೆಯ ಜವಳಿ ವರ್ತಕನ ಧ್ವನಿವರ್ಧಕದಲ್ಲಿ ಬಟ್ಟೆಗೂ ಒಂದು ಪಾಲು ಸಿಕ್ಕಿತು.

೧೯೩೩ರಲ್ಲಿ ಬ್ರಾಡ್‌ಫರ್ಡ್ ರೇಡಿಯೋ ಸೊಸೈಟಿಯವರ ಸ್ಪರ್ಧೆಗೆ ಬ್ರಿಗ್ಸ್ ಅವರು ತಮ್ಮ ಧ್ವನಿವರ್ಧಕಗಳನ್ನು ಕಳುಹಿಸಿದರು. ಮೊದಲನೆಯ ಬಹುಮಾನವೂ ಎರಡನೆಯ ಬಹುಮಾನವೂ ಅವಕ್ಕೇ ಬಂದವು. ಅದರ ಹಿಂದೆಯೇ ವ್ಯಾಪಾರವೂ ಕುದುರಿತು. ನೆಲಮಾಳಿಗೆ ಸಾಲದಾಗಿ ಬ್ರಾಡ್‌ಫರ್ಡ್‌ನಲ್ಲಿ ಚಿಕ್ಕ ಜಾಗವೊಂದನ್ನು ಬಾಡಿಗೆಗೆ ಹಿಡಿಯಬೇಕಾಯಿತು. ಕಳೆದುಕೊಂಡ ವೃತ್ತಿಯ ಬದಲಿಗೆ ಹವ್ಯಾಸವೇ ವೃತ್ತಿಯಾಗಿ ನಿಂತಿತು.

ಆದರೆ ಧ್ವನಿವರ್ಧಕವನ್ನು ಮಾಡಿ ಮುಗಿಸಿದರೆ ಅರ್ಧ ಕೆಲಸವಾಯಿತು, ಅಷ್ಟೆ. ಅದಕ್ಕೆ ಪೆಟ್ಟಿಗೆ ಬೇಕು. ಶಂಕು ಮುಂದಕ್ಕೆ ಗಾಳಿಯನ್ನು ನೂಕಿದ ಗಳಿಗೆಯಲ್ಲಿಯೇ ಹಿಂದೆ ಸೆಳೆಯುತ್ತಿರುತ್ತದೆ. ಮುಂದಿನ ಅಲೆ, ಹಿಂದಿನ ಅಲೆ ಎರಡೂ ಕಲೆತರೆ ಮಂದ್ರಸ್ವರ ಕೂಡಿ ಕಳೆದು ಸೊನ್ನೆಯಾಗುತ್ತದೆ. ಅವೆರಡನ್ನೂ ಬೇರ್ಪಡಿಸಲು ಪೆಟ್ಟಿಗೆ ಕಟ್ಟಿದೊಡನೆ ಮೊದಲು ಹೇಳಿದ ಕಷ್ಟ ತಲೆದೋರುತ್ತದೆ: ಹಲಗೆ ತಾನೂ ನಡುಗಿ ಹಾಡಿಗೆ ದನಿಗೂಡಿಸುತ್ತದೆ, ಕರೆಯದೆ ಬಂದ ನೆಂಟನಂತೆ. ಇದಕ್ಕೆ ಬ್ರಿಗ್ಸ್ ಅವರು ಹೂಡಿದ ಉಪಾಯಗಳಲ್ಲಿ ಒಂದು ಮಕ್ಕಳಾಟದಷ್ಟು ಸುಲಭ. ಪ್ಲೈವುಡ್ಡಿನ ಎರಡು ಹಲಗೆಗಳ ನಡುವೆ ಒಣಮರಳನ್ನು ತುಂಬಿದರು. ಹಲಗೆ ನಡುಗಲು ಹೊರಟರೆ ಮರಳಿನ ಕಣಗಳು ಒಂದಕ್ಕೊಂದು ಉಜ್ಜಿ ಆ ನಡುಕವನ್ನು ನುಂಗಿಬಿಡುತ್ತವೆ. ಇನ್ನೊಂದು ಉಪಾಯ ಕೇಳಿದರೆ ಗೃಹಿಣಿಯರು ಗಾಬರಿಯಾದಾರು: ಕೋಣೆಯ ಮೂಲೆಯಲ್ಲಿ ಇಟ್ಟಿಗೆಯಿಂದಲೇ ಗೂಡು ಕಟ್ಟಿ ಅದರಲ್ಲಿ ಧ್ವನಿವರ್ಧಕವನ್ನು ಕೂರಿಸುವುದು! ಇಟ್ಟಿಗೆಯ ಗೋಡೆಗಿಂತ ಮೂಕವಾದ ಪೆಟ್ಟಿಗೆ ಎಲ್ಲಿ ಸಿಕ್ಕೀತು?

ಕಲಿತದ್ದನ್ನು ಬಚ್ಚಿಟ್ಟುಕೊಳ್ಳುವ ಸ್ವಭಾವ ಬ್ರಿಗ್ಸ್ ಅವರದಾಗಿರಲಿಲ್ಲ. ೧೯೪೮ರಲ್ಲಿ ಧ್ವನಿವರ್ಧಕಗಳನ್ನು ಕುರಿತು ಅವರೇ ಪುಸ್ತಕ ಬರೆದು ಪ್ರಕಟಿಸಿದರು. ಗಣಿತಕ್ಕೆ ಹೆದರುವವರೂ ಓದಬಹುದಾದ, ನಡುನಡುವೆ ನಗೆಯುಳ್ಳ ಪುಸ್ತಕ. ಅದು ಮತ್ತೆ ಮತ್ತೆ ಅಚ್ಚಾಯಿತು. ಅದರ ಹಿಂದೆ ಇನ್ನೂ ಹಲವು ಬಂದವು. ಪೆಟ್ಟಿಗೆಯ ಅಳತೆಗಳನ್ನು ಅರಿತು ಮನೆಯಲ್ಲಿಯೇ ಗರಗಸ ಹಿಡಿದವರು ಎಷ್ಟೋ ಮಂದಿ. ಗಿರಾಕಿ ತಾನೇ ಮಾಡಿಕೊಂಡರೆ ವರ್ತಕನಿಗೆ ನಷ್ಟವೆಂಬುದು ಲೋಕದ ಲೆಕ್ಕ. ಕಿವಿ ತಿದ್ದಿಕೊಂಡ ಗಿರಾಕಿಯೇ ಒಳ್ಳೆಯ ಗಿರಾಕಿ ಎಂಬ ಲೆಕ್ಕವೂ ಒಂದುಂಟು. ವಾರ್ಫ್‌ಡೇಲ್ ಬೆಳೆದದ್ದು ಈ ಎರಡನೆಯ ಲೆಕ್ಕದಿಂದ.

ತನ್ನ ಸರಕು ಸತ್ಯವನ್ನೇ ನುಡಿಯುತ್ತದೆಂದು ಯಾವ ವರ್ತಕನೂ ಹೇಳಿಕೊಳ್ಳಬಹುದು. ಅದನ್ನು ಸಾವಿರಾರು ಜನರೆದುರು ಪರೀಕ್ಷೆಗೆ ಒಡ್ಡಲು ಎದೆಗಾರಿಕೆ ಬೇಕು. ೧೯೫೪ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್ ಎಂಬ ದೊಡ್ಡ ಸಂಗೀತ ಮಂದಿರವನ್ನು ಬ್ರಿಗ್ಸ್ ಅವರು ಬಾಡಿಗೆಗೆ ಹಿಡಿದರು. ಆಂಪ್ಲಿಫೈಯರುಗಳ ಹೊಣೆಯನ್ನು ಕ್ವಾಡ್ ಹೆಸರಿನ ಯಂತ್ರಗಳಿಂದ ಪ್ರಸಿದ್ಧರಾದ ಪೀಟರ್ ವಾಕರ್ ಅವರು ಹೊತ್ತರು. ಸುಮಾರು ಮೂರು ಸಾವಿರ ಜನ ಕೂಡುವ ಆ ಮಂದಿರ ತುಂಬಿತು. ಮುಂದೆ ಅಲ್ಲಿಯೇ ಮತ್ತೂ ಇಂಥ ಸಭೆಗಳಾದವು. ೧೯೫೫ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿಯೂ ಆಯಿತು. ಈ ಸಭೆಗಳ ಜೀವಾಳವೆಂದರೆ ಹೋಲಿಕೆ: ವೇದಿಕೆಯ ಮೇಲೆ ಕಲಾವಿದರು ಸ್ವತಃ ನುಡಿಸುವರು, ಅವರದೇ ಧ್ವನಿಮುದ್ರಣವನ್ನು ಪಕ್ಕದ ಧ್ವನಿವರ್ಧಕ ನುಡಿಸುವುದು. ತೀರ್ಪು ಸಭಿಕರ ಕಿವಿಗೆ ಬಿಟ್ಟದ್ದು.

ಪಿಯಾನೋದ ಎದುರು ನಿಲ್ಲುವುದು ಸಾಮಾನ್ಯ ಪರೀಕ್ಷೆಯಲ್ಲ. ಅದರ ಕೆಳಗಿನ ಸ್ವರ ಸೆಕೆಂಡಿಗೆ ೨೭.೫ ಕಂಪನಗಳದು, ಮೇಲಿನದು ೪,೧೮೬ ಕಂಪನಗಳದು. ಸ್ವರದ ಮೊದಲಿನಲ್ಲಿ ಸುತ್ತಿಗೆಯ ಪೆಟ್ಟು ಸಿಡಿಲಿನಂತೆ ಎದ್ದು ಆಮೇಲೆ ಮೆಲ್ಲಮೆಲ್ಲನೆ ಕರಗುತ್ತದೆ. ಶಂಕು ಕ್ಷಣ ತಡವಾಗಿ ಎದ್ದರೂ, ಕ್ಷಣ ತಡವಾಗಿ ನಿಂತರೂ ಸುಳ್ಳು ಹೊರಬೀಳುತ್ತದೆ. ನಗೆಪಾಟಲಾದರೆ ಇಪ್ಪತ್ತೆರಡು ವರ್ಷಗಳ ದುಡಿಮೆ ಒಂದೇ ಸಂಜೆಗೆ ಮಣ್ಣುಗೂಡುತ್ತಿತ್ತು. ಹಾಗಾಗಲಿಲ್ಲ. ಅಷ್ಟರಿಂದ ಯಂತ್ರ ಕಲಾವಿದನನ್ನು ಗೆದ್ದಿತೆಂದು ತಿಳಿಯಬೇಕಾಗಿಲ್ಲ. ಒಂದು ವಾದ್ಯವನ್ನು ಸರಿಗಟ್ಟಬಹುದು. ನೂರು ವಾದ್ಯಗಳ ಮೇಳವನ್ನು ಮನೆಯ ಕೋಣೆಯೊಳಗೆ ಇಳಿಸುವುದು ಕೊಡದಲ್ಲಿ ಕೆರೆಯನ್ನು ತುಂಬಿದಂತೆ. ಈ ಎಲ್ಲೆ ಇಂದಿಗೂ ಅಳಿದಿಲ್ಲ.

೧೯೫೮ರಲ್ಲಿ ವಾರ್ಫ್‌ಡೇಲ್ ಸಂಸ್ಥೆ ರ‍್ಯಾಂಕ್ ಎಂಬ ದೊಡ್ಡ ಸಂಸ್ಥೆಯ ಪಾಲಾಯಿತು. ಬ್ರಿಗ್ಸ್ ಅವರು ೧೯೭೮ರಲ್ಲಿ ತೀರಿಕೊಂಡರು. ಇಂದು ಆ ಹೆಸರಿನ ಬಹುಪಾಲು ಪೆಟ್ಟಿಗೆಗಳು ತಯಾರಾಗುವುದು ಚೀನಾದ ದೊಡ್ಡ ಕಾರ್ಖಾನೆಗಳಲ್ಲಿ. ಆದರೆ ಚಿಕ್ಕ ಕೋಣೆಯ ವಂಶ ನಿಂತುಹೋಗಲಿಲ್ಲ. ವಾರ್ಫ್‌ಡೇಲ್‌ನಲ್ಲಿ ದುಡಿದಿದ್ದ ರೇಮಂಡ್ ಕುಕ್ ಅವರು ೧೯೬೧ರಲ್ಲಿ ಕೆಂಟ್ ಸೀಮೆಯ ಮೇಡ್‌ಸ್ಟನ್ನಿನಲ್ಲಿ ಕಮಾನಿನ ಆಕಾರದ ತಗಡಿನ ಷೆಡ್ಡೊಂದರಲ್ಲಿ ಕೆಇಎಫ್ ಸಂಸ್ಥೆಯನ್ನು ಆರಂಭಿಸಿದರು. ಬಿಬಿಸಿಯಲ್ಲಿ ಎಂಜಿನಿಯರರಾಗಿದ್ದ ಸ್ಪೆನ್ಸರ್ ಹ್ಯೂಸ್ ಅವರು ತಮ್ಮ ಹೆಸರಿನ ಮೊದಲ ಭಾಗಕ್ಕೆ ಪತ್ನಿ ಡೊರೊತಿಯವರ ಹೆಸರಿನ ಮೊದಲ ಭಾಗವನ್ನು ಕೂಡಿಸಿ ತಮ್ಮ ಧ್ವನಿವರ್ಧಕಗಳಿಗೆ ಸ್ಪೆಂಡರ್ ಎಂದು ನಾಮಕರಣ ಮಾಡಿದರು. ನೆಲಮಾಳಿಗೆಯ ಕಸುಬು ಗಂಡ ಹೆಂಡಿರದೆಂಬುದನ್ನು ಇಷ್ಟು ಚೆನ್ನಾಗಿ ಒಪ್ಪಿಕೊಂಡ ಹೆಸರು ವಿರಳ.

ಈಗ ಪೆಟ್ಟಿಗೆಯ ಅಳತೆಯನ್ನು ಊಹೆಯಿಂದ ಹುಡುಕಬೇಕಾಗಿಲ್ಲ. ಥೀಲ್, ಸ್ಮಾಲ್ ಎಂಬ ವಿದ್ವಾಂಸರು ೧೯೬೦, ೧೯೭೦ರ ದಶಕಗಳಲ್ಲಿ ರೂಪಿಸಿಕೊಟ್ಟ ಸೂತ್ರಗಳಿವೆ. ಕಂಪ್ಯೂಟರು ಗಳಿಗೆಯಲ್ಲಿ ಲೆಕ್ಕ ಹಾಕಿಕೊಡುತ್ತದೆ. ಆದರೂ ಲೆಕ್ಕ ಸರಿಬಂದ ಪೆಟ್ಟಿಗೆಯನ್ನು ಕೈಕೆಲಸದವನು ಮನೆಗೆ ಒಯ್ದು, ತಾನು ನೂರು ಸಲ ಕೇಳಿ ಬಲ್ಲ ಹಾಡೊಂದನ್ನು ನುಡಿಸಿ, ಕಣ್ಣು ಮುಚ್ಚಿ ಕೂರುತ್ತಾನೆ. ಎಲ್ಲಿಯೋ ಒಂದು ಅಕ್ಷರ ಒರಟಾಗಿ ಕೇಳಿಸಿದರೆ ಎದ್ದು ತಿರುಪು ಬಿಚ್ಚುತ್ತಾನೆ. ತಿಂಗಳುಗಟ್ಟಲೆ ಇದೇ ನಡೆಯುತ್ತದೆ. ಹೀಗೆ ಮಾಡಿದ ಒಂದು ಜೋಡಿ ಪೆಟ್ಟಿಗೆಯ ಬೆಲೆ ಹೆಚ್ಚೆಂದು ಗಿರಾಕಿಗೆ ತೋರುವುದು ಸಹಜ. ಆದರೆ ಮರಕ್ಕೂ ತಂತಿಗೂ ಬಿದ್ದದ್ದು ಆ ಬೆಲೆಯ ಸ್ವಲ್ಪ ಭಾಗ ಮಾತ್ರ. ಉಳಿದದ್ದು ಬೇಡದ ದನಿಗಳನ್ನು ಒಂದೊಂದಾಗಿ ಹುಡುಕಿ ಅಡಗಿಸಿದ ದಿನಗಳಿಗೆ ಸಲ್ಲುತ್ತದೆ.

ಸಂಜೆ ಮನೆಮಂದಿಯೆಲ್ಲ ಕುಳಿತು ಕಚೇರಿಯ ಧ್ವನಿಮುದ್ರಣವನ್ನು ಕೇಳುತ್ತಾರೆ. ಹಾಡು ಮುಗಿದಾಗ ಅಜ್ಜಿ, ಎಷ್ಟು ಒಳ್ಳೆಯ ಪೆಟ್ಟಿಗೆಯೆಂದು ಹೇಳಿದರೆ ಮಾಡಿದವನ ಕೆಲಸ ಇನ್ನೂ ಸ್ವಲ್ಪ ಉಳಿದಿದೆಯೆಂದೇ ಅರ್ಥ. ಎಷ್ಟು ಒಳ್ಳೆಯ ಶಾರೀರವೆಂದು ಅವರು ಕಣ್ಣೊರೆಸಿಕೊಂಡರೆ, ಎಲ್ಲಿಯೋ ದೂರದ ಚಿಕ್ಕ ಕೋಣೆಯಲ್ಲಿ ದುಡಿದವನಿಗೆ ಅವನ ಕೂಲಿ ಸಂದಿತು.